ಕೆಳಗಿನ ಸಿರುಗುಪ್ಪ

ಮಕ್ಕಳಿಗೆ ವಿಷಯ ಆರಿಸಿಕೊಡುವ ಹಿರಿಯರಿಗೆ ನನ್ನದೊಂದು ಪುಕ್ಕಟೆ ಸಲಹೆ. ಯಾವ ವಿಷಯ ದೊಡ್ಡದು ಎಂದು ಕೇಳಬೇಡಿ, ಯಾವ ಮಾಸ್ತರರಿಗೆ ಹುಡುಗರು ಕಡಿಮೆ ಬಿದ್ದಿದ್ದಾರೆ ಎಂದು ಕೇಳಿ. ನಾನು ಭೂಗೋಳ ತೆಗೆದುಕೊಂಡದ್ದು ಹಾಗೆ.

ಅರವತ್ತರ ದಶಕದ ಕೊನೆ, ಕುರುಗೋಡಿನ ಹೈಸ್ಕೂಲು. ಐಚ್ಛಿಕ ವಿಷಯ ಒಂದೋ ಗಣಿತ, ಇಲ್ಲ ಭೂಗೋಳ. ಗಣಿತಕ್ಕೆ ಹೋದರೆ ನಾನು ಫೇಲಾಗುವುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಫೇಲಾದರೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸೋದರಮಾವನ ಅಂಗಡಿ. ಮೆಣಸಿನಕಾಯಿ ಚೀಲಗಳ ನಡುವೆ ಆಯುಷ್ಯವಿಡೀ ಸೀನುತ್ತ ಕೂಡುವುದು.

ಇತ್ತ ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದರು: "ಹತ್ತು ಮಂದಿ ಇಲ್ಲಂದ್ರ ಭೂಗೋಳ ಬಂದ್." ಹೆಸರು ಕೊಟ್ಟವರು ಒಂಬತ್ತು. ಮೈಸೂರು ಕಡೆಯಿಂದ ಬಂದಿದ್ದ ಭೂಗೋಳದ ಮಾಸ್ತರರು ನನ್ನನ್ನು ಬಾವಿಕಟ್ಟೆಯ ಹತ್ತಿರ ಹಿಡಿದರು.

"ಯಾವ್ದು ತಗೋತೀಯಪ್ಪಾ?"

"ಮನ್ಯಾಗ ಗಣಿತ ಅಂತಾರ್ರಿ ಸರ," ಎಂದು ಸುಳ್ಳು ಬಿಟ್ಟೆ, ಸಾಕಷ್ಟು ದುಃಖದಿಂದ.

"ಗಣಿತಾನಾ? ನೀನಾ?"

"ಏನ್ ಮಾಡಾಕ ಬರ್ತೈತ್ರಿ. ಭೂಗೋಳಕ್ಕ ಬರಬೌದು. ಆದ್ರ ನಕಾಶಿ ಗೋಡಿಗೆ ಹಾಕೋ ಕೆಲಸ ನಂದ ಆಗಬೇಕು. ಮತ್ತ ನನ್ನ ಬೆಂಚಿನ ಮ್ಯಾಲ ನಿಲ್ಲಸಬಾರದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹತ್ತನೆಯವನಿಗೆ ಬೆಲೆ ಜಾಸ್ತಿ ಎಂಬುದು ಅವರಿಗೂ ತಿಳಿಯಿತು. ಒಪ್ಪಿದರು.

ವರ್ಷ ಮುಗಿಯುವ ಮೊದಲು ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಭೂಗೋಳ ಉಳಿಯಬೇಕೋ ಬೇಡವೋ ಎಂದು ಬರೆಯುವ ಪೆನ್ನು ಅವರ ಜೇಬಿನಲ್ಲಿತ್ತು. ಮಾಸ್ತರರು ತಾವೇ ಬಟ್ಟೆಯ ಮೇಲೆ ಬರೆದಿದ್ದ ಜಿಲ್ಲೆಯ ನಕ್ಷೆಯನ್ನು ನಾನು ಗೋಡೆಗೆ ತೂಗುಹಾಕಿ ಗತ್ತಿನಿಂದ ಪಕ್ಕದಲ್ಲೇ ನಿಂತೆ. ಊರುಗಳಿದ್ದಲ್ಲಿ ಬರೀ ಚುಕ್ಕೆ, ಹೆಸರಿಲ್ಲ. ಪಕ್ಕದಲ್ಲಿ ನಿಂತವನನ್ನೇ ಸಾಹೇಬರು ಕೇಳಿದರು.

"ಲೇ ತಮ್ಮಾ, ಸಿರುಗುಪ್ಪ ಎಲ್ಲೈತಿ?"

ಬೆರಳನ್ನು ನಕ್ಷೆಯ ತಳಕ್ಕೆ ಇಟ್ಟೆ. ಅಲ್ಲಿದ್ದದ್ದು ಬಳ್ಳಾರಿಯ ಚುಕ್ಕೆ. ಬಳ್ಳಾರಿ ಎಲ್ಲಿ ಎಂದರು. ಮೇಲೆ ಸಿರುಗುಪ್ಪದ ಚುಕ್ಕೆಯನ್ನು ತೋರಿಸಿದೆ. ನಡುವಿನದು ಕುರುಗೋಡು ಎಂದೆ. ಅದೊಂದು ಸರಿಯಾಗಿತ್ತು, ಹೇಗೆ ತಿರುಗಿಸಿದರೂ ನಡುವೆಯೇ ಬರುವ ಊರು.

"ಯಾಕಲೇ, ಸಿರುಗುಪ್ಪ ಅಲ್ಲ್ಯಾಕ?"

"ನೀರು ಕೆಳಗಲ್ಲೇನ್ರಿ ಹರಿಯೋದು? ಕಾಲುವಿ ನೀರು ಸಿರುಗುಪ್ಪದ ಕಡಿಗೇ ಇಳೀತೈತಿ. ನಮ್ಮವ್ವ 'ಕೆಳಗ ಸಿರುಗುಪ್ಪಕ್ಕ ಹೋಗಿ ಬರ್ತೀನಿ' ಅಂತಾಳ್ರಿ. ಮ್ಯಾಲ ಹೋಗ್ತೀನಿ ಅಂದಾಕಿನ ನಾ ನೋಡಿಲ್ಲ."

ಮಾಸ್ತರರ ಮುಖ ಸುಣ್ಣದಂತಾಯಿತು. ಸಾಹೇಬರು ಮಾತ್ರ ತೊಡೆ ತಟ್ಟಿದರು.

"ಶಾಭಾಸ್! ನಮ್ಮೂರು ಹಚ್ಚೊಳ್ಳಿನೂ ಅಲ್ಲೇ ಐತಿ ನೋಡು, ಕೆಳಗ. ಮಾಸ್ತರ್ರ, ಚಲೋ ಕಲಿಸೀರಿ!"

ಮೈಸೂರಿನ ಮಾಸ್ತರರು ಬಾಯಿ ತೆರೆದರು, ಸಾಹೇಬರ ಪೆನ್ನು ನೋಡಿದರು, ಮುಚ್ಚಿದರು. ಬೋಧನೆ ತೃಪ್ತಿಕರ, ವಿಷಯ ಮುಂದುವರಿಯಲಿ ಎಂದು ಪುಸ್ತಕದಲ್ಲಿ ಬರೆಸಿಕೊಂಡು, ಸಾಹೇಬರನ್ನು ಗೇಟಿನವರೆಗೆ ಕಳಿಸಿಬಂದು ನನ್ನ ಮುಂದೆ ನಿಂತರು.

"ನೀನೂ ತಪ್ಪು, ಅವರೂ ತಪ್ಪು. ಸಿರುಗುಪ್ಪ ಉತ್ತರಕ್ಕಿದೆ. ಉತ್ತರ ಮೇಲೆ!"

"ಹಂಗಾರ ಅವ್ರ ಮುಂದ್ಯಾಕ ಹೇಳಲಿಲ್ರಿ ಸರ?"

ಉತ್ತರ ಮರುದಿನ ಬಂತು. ನಕ್ಷೆಯ ನೆತ್ತಿಯ ಮೇಲೆ ಗೇಣುದ್ದದ ಕೆಂಪು ಬಾಣ. ಅದರ ತುದಿಗೆ ದಪ್ಪ ಅಕ್ಷರದಲ್ಲಿ 'ಉತ್ತರ'. ನಾನು ಎಂದಿನಂತೆ ನಕ್ಷೆಯನ್ನು ಗೋಡೆಗೆ ಹಾಕಿದೆ, ಬಾಣ ನೆಲದ ಕಡೆ ತೋರುವಂತೆ.

"ಈಗ ಸರಿಹೋತ್ರಿ ಸರ. ಉತ್ತರಾನೂ ಐತಿ, ಸಿರುಗುಪ್ಪಾನೂ ಕೆಳಗ ಬಂತು."

ಒಂಬತ್ತು ಮಂದಿ ನಕ್ಕರು. ಭೂಗೋಳ ಉಳಿದಾಗಿತ್ತು, ಹತ್ತನೆಯವನ ಬೆಲೆ ಹಿಂದಿನ ದಿನವೇ ಇಳಿದುಹೋಗಿತ್ತು, ಅದು ನನಗೆ ಹೊಳೆದಿರಲಿಲ್ಲ. ಮಾಸ್ತರರು ಬೆತ್ತಕ್ಕೆ ಕೈ ಹಾಕಿದರು.

"ಸರ, ನಮ್ಮ ಕರಾರು!"

"ಬೆಂಚಿನ ಮೇಲೆ ನಿಲ್ಲಿಸಲ್ಲಪ್ಪಾ," ಎಂದರು, "ಕೈ ಚಾಚು."