ಏಳು ಪ್ಯಾರಾಗೆ ಒಗ್ಗದ ಬದುಕು

ಗ್ವಾವ್ ಎಂಬ ಆ ದ್ವೀಪದ ಮೀನುಗಾರರ ಊರಿನಲ್ಲಿ ಯಾರಾದರೂ ಸತ್ತರೆ ಮೊದಲು ಪಾದ್ರಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ಪೆಟ್ಟಿಗೆ ಮಾಡುವವನಿಗೆ, ಮೂರನೆಯದಾಗಿ ವರ್ನೀಸ್ ಟೀಚರಿಗೆ. ಚರ್ಚಿನಲ್ಲಿ ಪೆಟ್ಟಿಗೆಯ ಪಕ್ಕ ನಿಂತು ಓದುವ ಬೀಳ್ಕೊಡುಗೆಯನ್ನು ಬರೆಯುವವರು ಅವರೇ. ಮೂವತ್ತೊಂದು ವರ್ಷದಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಜನರನ್ನು ಅವರು ಹೀಗೆ ಪರಲೋಕಕ್ಕೆ ದಾಟಿಸಿದ್ದರು, ಒಬ್ಬೊಬ್ಬರನ್ನೂ ಏಳೇ ಪ್ಯಾರಾದಲ್ಲಿ. ಹುಟ್ಟು, ಶಾಲೆ, ಕೆಲಸ, ಮದುವೆ, ಮಕ್ಕಳು, ಭಕ್ತಿ, ಸಾವು. ಪ್ಯಾರಾದ ಮೊದಲ ವಾಕ್ಯ ವಿಷಯ ಹೇಳಬೇಕು, ನಡುವಿನವು ಅದಕ್ಕೆ ಸಾಕ್ಷಿ ನುಡಿಯಬೇಕು, ಕೊನೆಯದು ಮುಂದಿನ ಪ್ಯಾರಾಗೆ ದಾರಿ ಬಿಡಬೇಕು. ಇಡೀ ಬರಹಕ್ಕೆ ಒಂದೇ ಒಂದು ಪ್ರಶ್ನೆ, ಅದೂ ಆರನೆಯ ಪ್ಯಾರಾದಲ್ಲಿ. ಒಂದೇ ಒಂದು ಹೋಲಿಕೆ. ಕುಡಿದು ಚರಂಡಿಯಲ್ಲಿ ಬೀಳುತ್ತಿದ್ದವನು ಅವರ ಕೈಯಲ್ಲಿ ಸ್ನೇಹಜೀವಿಯಾಗುತ್ತಿದ್ದ. ಮದುವೆಯಾಗದೆ ಇನ್ನೊಬ್ಬಳ ಗಂಡನ ಜೊತೆ ಇದ್ದವಳು, ನಾಲ್ಕನೆಯ ಪ್ಯಾರಾದಲ್ಲಿ, ಬದುಕನ್ನು ಪರರ ಸೇವೆಗೆ ಮುಡಿಪಿಟ್ಟವಳಾಗುತ್ತಿದ್ದಳು. ಊರಿಗೆ ಇದೆಲ್ಲ ಅರ್ಥವಾಗುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಡೆಲ್ಮಾ ಬಂದಳು. ಬಂದಳೇನು, ಅವಳು ಮೊದಲಿಂದಲೂ ಅಲ್ಲೇ ಇದ್ದಳು, ಮೀನು ಮಾರುಕಟ್ಟೆಯ ಎದುರು ಹೆಂಗಸರ ತಲೆ ತೊಳೆದು ಜಡೆ ಹಾಕುವ ಅಂಗಡಿ ಇಟ್ಟುಕೊಂಡು. ಶಾಲೆಯಲ್ಲಿ ಟೀಚರ ಕೈಕೆಳಗೇ ಕಲಿತವಳು. ಪ್ರಬಂಧದಲ್ಲಿ ಎಲ್ಲಿಯೂ ಪ್ಯಾರಾ ಒಡೆಯದೆ ಒಂದೇ ಉಸಿರಿಗೆ ಬರೆಯುತ್ತಾಳೆಂದು ಹತ್ತಕ್ಕೆ ನಾಲ್ಕು ಅಂಕ ತೆಗೆದುಕೊಂಡವಳು. ಅವಳ ಸೋದರಮಾವ ಸತ್ತಾಗ ಬೀಳ್ಕೊಡುಗೆ ತಾನೇ ಬರೆದು, ದೊಡ್ಡ ದನಿಯ ತಮ್ಮನ ಕೈಯಲ್ಲಿ ಓದಿಸಿದಳು. ಅದು ಶುರುವಾದದ್ದೇ, ಈ ಮನುಷ್ಯ ಜೀವಮಾನದಲ್ಲಿ ಒಂದು ಸಲವೂ ಗೇಟು ಮುಚ್ಚಲಿಲ್ಲ, ಎಂದು. ಜನ ಇದು ಚರ್ಚು ಎಂಬುದನ್ನೂ ಮರೆತು ನಕ್ಕರು. ಐದು ನಿಮಿಷ ಕಳೆದು, ಈಗ ಆ ಗೇಟು ಮುಚ್ಚುವವರು ಯಾರು ಎಂದು ಓದಿದಾಗ ಹಿಂದಿನ ಸಾಲಿನ ಗಟ್ಟಿ ಗಂಡಸರೂ ಕರವಸ್ತ್ರ ತೆಗೆದರು.

ಅವತ್ತಿನಿಂದ ಟೀಚರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮಣ್ಣು ಮಾಡಿ ಬಂದು ಎಲ್ಲರೂ ಊಟಕ್ಕೆ ಕೂತಾಗ, ತೆಂಗಿನ ಹಾಲಿನಲ್ಲಿ ಬೆಂದ ಹಲಸನ್ನು ತಟ್ಟೆಯಲ್ಲಿ ಕೆದಕುತ್ತ, ಹುಡುಗಿ ಚೆನ್ನಾಗಿ ಬರೆದಳು, ಆದರೆ ಕಟ್ಟು ಇಲ್ಲ, ಬೆನ್ನುಮೂಳೆ ಇಲ್ಲ ಎಂದರು. ಕೇಳಿದವರು ಹೂಂ ಎಂದರು. ಮುಂದಿನ ಸಾವಿಗೆ ಹಾಗೆ ಹೂಂ ಎಂದವರೇ ಡೆಲ್ಮಾ ಹತ್ತಿರ ಹೋದರು. ಆ ವರ್ಷ ಊರಲ್ಲಿ ಹನ್ನೊಂದು ಜನ ಸತ್ತರು, ಟೀಚರಿಗೆ ಸಿಕ್ಕಿದ್ದು ನಾಲ್ಕು. ತಲೆ ತೊಳೆಸಿಕೊಳ್ಳುವ ನೆಪದಲ್ಲಿ ಅವರು ಆ ಅಂಗಡಿಗೂ ಹೋಗಿ ಬಂದರು. ಅವಳು ಏನು ಓದುತ್ತಾಳೆ, ಯಾವ ಪುಸ್ತಕದಿಂದ ಕದಿಯುತ್ತಾಳೆ ಎಂದು ಕಣ್ಣು ಹಾಯಿಸಿದರು. ಅಲ್ಲಿದ್ದದ್ದು ಬಾಚಣಿಗೆ, ಎಣ್ಣೆ ಬಾಟಲಿ, ಮತ್ತೆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿ ಮಾತಾಡುತ್ತಲೇ ಇದ್ದ ಹೆಂಗಸರು.

ಆದರೂ ಟೀಚರಿಗೆ ಒಂದು ಧೈರ್ಯವಿತ್ತು. ಒಗಸ್ಟೀನಾ ತನ್ನವಳು. ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಅರವತ್ತು ವರ್ಷದ ಗೆಳೆತನ. ದೋಣಿ ಕಟ್ಟೆಯ ಹತ್ತಿರ ಕರಿದ ರೊಟ್ಟಿ, ಮೀನು ಮಾರಿ ಬದುಕಿದ ಆ ಹೆಂಗಸು ಈಗ ಸಕ್ಕರೆ ಕಾಯಿಲೆಗೆ ಕಣ್ಣು, ಕಾಲು ಎರಡನ್ನೂ ಕೊಟ್ಟು ಹಾಸಿಗೆ ಹಿಡಿದಿದ್ದಳು. ಅವಳ ಬೀಳ್ಕೊಡುಗೆಯನ್ನು ಊರು ಮರೆಯಬಾರದ ಹಾಗೆ ಬರೆಯಬೇಕು, ಡೆಲ್ಮಾಳ ಕಣ್ಣು ತೆರೆಸಬೇಕು ಎಂದು ಟೀಚರು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದರು. ಬದುಕಿರುವ ಗೆಳತಿಯ ಸಾವಿನ ಪ್ಯಾರಾ ಬರೆಯುತ್ತಿದ್ದೇನಲ್ಲ ಎಂದು ಒಮ್ಮೊಮ್ಮೆ ನಾಚಿಕೆಯಾಗುತ್ತಿತ್ತು. ಆದರೂ ವಾಕ್ಯ ಚೆನ್ನಾಗಿ ಬಂದಿತ್ತು.

ಒಂದು ಬೆಳಿಗ್ಗೆ ಒಗಸ್ಟೀನಾ ಹೇಳಿಕಳಿಸಿದಳು. ಟೀಚರು ಒಳ್ಳೆಯ ಪೆನ್ನು ತೆಗೆದುಕೊಂಡೇ ಹೋದರು. ಒಗಸ್ಟೀನಾ ಕೊಕೊ ಬೀಜ ಅರೆದು ಕುದಿಸಿದ ಚಹಾ ಕುಡಿಯುವಂತೆ ಹೇಳಿ, ದಿಂಬಿನಡಿ ಕೈ ಹಾಕಿ ಒಂದು ನೋಟ್‌ಪುಸ್ತಕ ತೆಗೆದು ಮುಂದೆ ಚಾಚಿದಳು.

"ಡೆಲ್ಮಾ ಬರ್ದಿದಾಳೆ. ನಂಗೆ ಕಣ್ಣು ಕಾಣಲ್ಲ, ನೀನು ಓದು. ಸಾಯೋ ಮೊದ್ಲು ಕೇಳ್ಬೇಕು."

ಟೀಚರಿಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಹೋದರೆ ಇನ್ನು ಒಳಗೆ ಏನಿದೆ ಎಂದು ಗೊತ್ತಾಗುವುದಿಲ್ಲವಲ್ಲ ಎಂಬ ಒಂದೇ ಕಾರಣಕ್ಕೆ ಕೂತರು. ತೆರೆದು ನೋಡಿದರೆ ಐದು ಪುಟ, ಒಂದೇ ಒಂದು ಪ್ಯಾರಾ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದೇ ತಿಳಿಯುವುದಿಲ್ಲ. ವಯಸ್ಸು ನಲವತ್ತಾದರೂ ಹುಡುಗಿ ಬುದ್ಧಿ ಕಲಿಯಲಿಲ್ಲ ಎಂದು ಸ್ವಲ್ಪ ಸಮಾಧಾನವಾಯಿತು. ಓದತೊಡಗಿದರು. ಮುಂಜಾನೆ ನಾಲ್ಕಕ್ಕೆ ಎದ್ದು ಹಿಟ್ಟು ನಾದಿದ್ದು, ಮೀನುಗಾರರ ಜೊತೆ ಜಗಳವಾಡಿದ್ದು, ಮಳೆ ಬಂದಾಗ ತನ್ನ ತಲೆ ಬಿಟ್ಟು ರೊಟ್ಟಿಯ ಬುಟ್ಟಿಗೆ ಕೊಡೆ ಹಿಡಿದದ್ದು. ಚೆನ್ನಾಗಿತ್ತು. ಚೆನ್ನಾಗಿದ್ದಷ್ಟೂ ಟೀಚರ ದನಿ ಒಣಗುತ್ತಿತ್ತು.

ಎರಡನೇ ಪುಟದ ನಡುವೆ ಆಲ್ಬನ್ ಬಂದ. ಆಲ್ಬನ್ ದೋಣಿಯವನು, ಕ್ಯಾರಿಯಕೂ ದ್ವೀಪದಲ್ಲಿ ಹೆಂಡತಿ ಮಕ್ಕಳಿದ್ದವನು, ಹತ್ತೊಂಬತ್ತು ವರ್ಷ ಪ್ರತಿ ಮಂಗಳವಾರ ಒಗಸ್ಟೀನಾಳ ಮನೆಗೆ ಬರುತ್ತಿದ್ದವನು. ಟೀಚರು ಕಣ್ಣಲ್ಲೇ ಆ ಸಾಲುಗಳನ್ನು ದಾಟಿ, ಕೆಳಗಿನಿಂದ ಓದತೊಡಗಿದರು.

"ವರ್ನಿ, ಆಲ್ಬನ್‌ನ ಹಾರಿಸ್ಬಿಟ್ಟೆ."

"ಚರ್ಚಲ್ಲಿ ಓದೋದು ಟೀನಾ, ಪಾದ್ರಿ ಇರ್ತಾರೆ."

"ಅದಕ್ಕೇ ನಿನ್ ಕೈಲಿ ಬರೆಸ್ಲಿಲ್ಲ ಕಣೇ. ನಿನ್ನ ಏಳು ಪ್ಯಾರಾದಲ್ಲಿ ಅವನು ಎಲ್ಲಿ ಕೂರ್ತಾನೆ ಹೇಳು?"

ಟೀಚರು ಏಳನ್ನೂ ಮನಸ್ಸಿನಲ್ಲಿ ಎಣಿಸಿದರು. ಎಲ್ಲಿಯೂ ಜಾಗವಿರಲಿಲ್ಲ. ಮತ್ತೆ ಮೇಲಕ್ಕೆ ಹೋಗಿ ಓದಿದರು. ಮಂಗಳವಾರ ಅವಳು ಇಸ್ತ್ರಿ ಮಾಡಿದ ಲಂಗ ಉಡುತ್ತಿದ್ದಳು. ಮಂಗಳವಾರ ಅವಳ ರೊಟ್ಟಿ ಮಧ್ಯಾಹ್ನಕ್ಕೇ ಖರ್ಚಾಗುತ್ತಿತ್ತು. ಮಂಗಳವಾರ ಅವಳು ಯಾರ ಜೊತೆಗೂ ಜಗಳವಾಡುತ್ತಿರಲಿಲ್ಲ. ಅವನ ದೋಣಿ ಮುಳುಗಿದ ಮೇಲೆ ಅವಳಿಗೆ ಮಂಗಳವಾರ ಬರಲಿಲ್ಲ.

ಮೂರು ಸಲ ಒಂದೇ ಪದದಿಂದ ಶುರು ಮಾಡಿ, ಜನ ನಾಲ್ಕನೆಯದಕ್ಕೆ ಕಾಯುವಾಗ ಅದನ್ನು ಕಡೆಗೆ ತಳ್ಳಿ, ಇದ್ದದ್ದನ್ನು ಇಲ್ಲವಾಗಿಸುವುದು. ಈ ತಂತ್ರವನ್ನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದು ಕಲಿಸಿದವರು ಟೀಚರೇ. ಒಮ್ಮೆಯೂ ಅವರ ಕೈಯಲ್ಲಿ ಅದು ಹೀಗೆ ಬಂದಿರಲಿಲ್ಲ. ಇದಕ್ಕಿಂತಲೂ ಹೆಚ್ಚು ಚುಚ್ಚಿದ್ದು ಇನ್ನೊಂದು. ಈ ಲಂಗದ ಮಾತನ್ನು, ಜಗಳದ ಮಾತನ್ನು ಒಗಸ್ಟೀನಾ ತನಗೆ ಯಾವತ್ತೂ ಹೇಳಿರಲಿಲ್ಲ. ತಲೆ ತೊಳೆಯುವವಳಿಗೆ ಹೇಳಿದ್ದಳು.

"ಓದು, ಇನ್ನೂ ಇದೆ" ಎಂದಳು ಒಗಸ್ಟೀನಾ.

ಕೊನೆಯ ಪುಟದಲ್ಲಿ ಟೀಚರು ತಮ್ಮ ಹೆಸರನ್ನೇ ಕಂಡರು. ಒಗಸ್ಟೀನಾಳಿಗೆ ಜೀವನದಲ್ಲಿ ಒಬ್ಬರ ಮೇಲೆ ಮಾತ್ರ ಹೊಟ್ಟೆಕಿಚ್ಚಿತ್ತು, ಅದು ವರ್ನೀಸ್ ಟೀಚರ ಮೇಲೆ. ಅವರ ಬೂಟುಗಳ ಮೇಲೆ, ದುಂಡು ಅಕ್ಷರಗಳ ಮೇಲೆ. ಟೀಚರು ಸತ್ತವರ ಬದುಕನ್ನು ಮಡಿಚಿದ ಬಟ್ಟೆಯ ಹಾಗೆ ಓರಣವಾಗಿ ಓದಿದಾಗಲೆಲ್ಲ ಒಗಸ್ಟೀನಾ ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದಳು, ತನ್ನದು ಅಷ್ಟು ಓರಣವಾಗಿ ಕೂರುವುದಿಲ್ಲವಲ್ಲ ಎಂದು. ಅರವತ್ತು ವರ್ಷ ಇದನ್ನು ಆ ಗೆಳತಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಟೀಚರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡರು. ಇದನ್ನೂ ಓದಬೇಕಾ ಎಂದು ಕೇಳಿದರು.

"ಓದ್ಲೇಬೇಕು. ನೀನೇ ಓದ್ಬೇಕು. ಡೆಲ್ಮಾ ಬರೀತಾಳೆ, ಆದ್ರೆ ನಿಂತ್ರೆ ಅವಳ ದನಿ ಎರಡ್ನೇ ಬೆಂಚಿಗೂ ಮುಟ್ಟಲ್ಲ. ಎಲ್ಲಿ ನಿಲ್ಬೇಕು, ಎಲ್ಲಿ ಉಸಿರು ಬಿಡ್ಬೇಕು, ಅದೆಲ್ಲ ನಿಂಗೇ ಗೊತ್ತಿರೋದು."

ಹನ್ನೊಂದು ದಿನ ಟೀಚರು ಆ ಮನೆಗೆ ಹೋದರು. ಡೆಲ್ಮಾಳ ಬರಹದಲ್ಲಿ ಪೆನ್ಸಿಲಿನಿಂದ ಪ್ಯಾರಾ ಒಡೆದರು. ಒಂದು ಪದವನ್ನೂ ಮುಟ್ಟಲಿಲ್ಲ, ಮುಟ್ಟಲು ಕೈ ತುರಿಸಿದರೂ. ಏಳು ಪ್ಯಾರಾ ಆಗಲಿಲ್ಲ, ಹದಿನಾಲ್ಕಾಯಿತು. ಆಲ್ಬನ್‌ಗೆ ಒಂದು ಇಡೀ ಪ್ಯಾರಾ ಸಿಕ್ಕಿತು. ಒಂದೊಂದನ್ನೂ ಓದಿ ತೋರಿಸಿ, ಇಲ್ಲಿ ನಿಲ್ಲಿಸಲೇ ಎಂದು ಕೇಳುವರು. ಒಗಸ್ಟೀನಾ ನಗುವಳು, ಇಲ್ಲವೇ ನಿದ್ದೆ ಹೋಗುವಳು. ಹೇಳಬೇಕಾದ ಒಂದು ಮಾತು ಟೀಚರ ಗಂಟಲಲ್ಲೇ ಇತ್ತು. ಅದನ್ನು ಯಾವ ವಾಕ್ಯದಿಂದ ಶುರು ಮಾಡುವುದೆಂದು ಅವರು ದಿನಾ ಯೋಚಿಸುತ್ತಿದ್ದರು. ಮೊದಲ ವಾಕ್ಯ ಸಿಗಲಿಲ್ಲ. ಹನ್ನೆರಡನೆಯ ದಿನ ಹೋಗುವಷ್ಟರಲ್ಲಿ ಹಾಸಿಗೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು.

ಚರ್ಚು ತುಂಬಿತ್ತು. ಡೆಲ್ಮಾ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಟೀಚರು ಒಂದು ಪದ ಬಿಡದೆ ಓದಿದರು. ರೊಟ್ಟಿಯ ಬುಟ್ಟಿಗೆ ಕೊಡೆ ಹಿಡಿದಲ್ಲಿ ಜನ ನಕ್ಕರು, ಮಂಗಳವಾರದ ಪ್ಯಾರಾದಲ್ಲಿ ಪಾದ್ರಿ ನೆಲ ನೋಡಿದರು, ಹೆಂಗಸರು ಮುಚ್ಚುಮರೆಯಿಲ್ಲದೆ ಅತ್ತರು. ಆ ಅಳುವಿನ ಸದ್ದು ಕೇಳುತ್ತಿದ್ದಾಗಲೂ, ಈ ವಾಕ್ಯ ನನ್ನದಾಗಿದ್ದರೆ ಎಂದು ಟೀಚರಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅನ್ನಿಸಲಿಲ್ಲ ಎನ್ನಲಾಗುವುದಿಲ್ಲ.

ಕೊನೆಯ ಪ್ಯಾರಾ ಬಂತು. ಹೊಟ್ಟೆಕಿಚ್ಚಿನ ಮಾತನ್ನು, ತಮ್ಮ ಬೂಟುಗಳ ಮಾತನ್ನು, ಅವರು ಸ್ಪಷ್ಟವಾಗಿ ಊರಿಗೆಲ್ಲ ಕೇಳುವಂತೆ ಓದಿದರು. ಬಾಯಿ ಬರಲಿಲ್ಲ ಎಂಬಲ್ಲಿಗೆ ಬರಹ ಮುಗಿಯಿತು. ಜನ ಎದ್ದು ಹಾಡಲು ಪುಸ್ತಕ ತೆರೆದರು. ಟೀಚರು ಮಾತ್ರ ಕೆಳಗಿಳಿಯಲಿಲ್ಲ. ಪೆಟ್ಟಿಗೆಯ ಕಡೆ ತಿರುಗಿದರು. ಜೀವಮಾನದಲ್ಲಿ ಮೊದಲ ಸಲ, ಬರೆದುಕೊಳ್ಳದೇ ಇದ್ದ ಮಾತನ್ನು ಅವರು ಚರ್ಚಿನಲ್ಲಿ ಆಡಿದರು.

"ನಂಗೂ ಇತ್ತು ಟೀನಾ, ಹೊಟ್ಟೆಕಿಚ್ಚು. ಅವನು ಬರೋಕ್ ಮುಂಚೆ ಮಂಗಳವಾರ ಸಂಜೆ ಹಾಡಿನ ಅಭ್ಯಾಸಕ್ಕೆ ನಾವಿಬ್ರೂ ಜೊತೇಲಿ ಇಲ್ಲಿಗೆ ನಡ್ಕೊಂಡು ಬರ್ತಿದ್ವಿ. ಆಮೇಲೆ ಹತ್ತೊಂಬತ್ತು ವರ್ಷ ನಾನೊಬ್ಳೇ ಬಂದೆ. ದೋಣಿ ಮುಳುಗಿದ್ ದಿನ ನಂಗೆ ಖುಷಿಯಾಯ್ತು."

ಹಾಡು ಶುರುವಾಗಲಿಲ್ಲ. ಡೆಲ್ಮಾ ತನ್ನ ಸಾಲಿನಿಂದ ಎದ್ದು ಬಂದು ಟೀಚರ ತೋಳು ಹಿಡಿದು ಮೆಟ್ಟಿಲಿಳಿಸಿದಳು. ಟೀಚರು ಆ ಕೈಯನ್ನು ಕೊಡವಲಿಲ್ಲ.