ಒಣದ್ರಾಕ್ಷಿ ಇಲ್ಲದ ತೋರ್ತಾ

ಸೆರ್ಕಿಯೊ ನದಿಯ ಮರಳೆತ್ತಿ ದೋಣಿಗೆ ತುಂಬುವುದು ಒರಿಯಾನೊನ ಕಸುಬು. ಸಲಿಕೆ ಹಿಡಿದು ಹಿಡಿದು ಅವನ ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು. ಮಾತು ಬಹಳ ಕಡಿಮೆ. ಪೊಂತಸ್ಸೆರ್ಕಿಯೊ ಊರಿನಲ್ಲಿ ಅವನ ಪಾಲಿನ ಮಾತನ್ನೂ ಅವನ ಹೆಂಡತಿ ಆರ್ಜೆನೆಯೇ ಆಡಿ ಮುಗಿಸುತ್ತಿದ್ದಳು. ಮಕ್ಕಳಿರಲಿಲ್ಲ. ಮನೆ ತುಂಬ ಅವಳ ದನಿಯೇ ಇತ್ತು.

ಯುದ್ಧ ಮುಗಿದು ಕೆಲವು ವರ್ಷಕ್ಕೆ ಆರ್ಜೆನೆಗೆ ಕ್ಷಯ ತಗುಲಿತು. ನದಿ ಇಳಿದು ಬರುವ ಬೆಟ್ಟದ ಮೇಲಿನ ಆಸ್ಪತ್ರೆಗೆ ಅವಳನ್ನು ಸೇರಿಸಿದರು. ಭಾನುವಾರ ಬಂತೆಂದರೆ ಒರಿಯಾನೊ ರೈಲು ಹತ್ತಿ ಹೋಗಿ, ಮಂಚದ ಪಕ್ಕ ಕೂತು, ಮೊಣಕಾಲ ಮೇಲೆ ಟೋಪಿ ತಿರುಗಿಸುತ್ತಿದ್ದ. ಅವಳು ಮಾತು ನಿಲ್ಲಿಸಿದ್ದಳು. ಅವನಿಗೆ ಶುರು ಮಾಡಲು ಬರುತ್ತಿರಲಿಲ್ಲ. ಊಟದ ತಟ್ಟೆ ಮುಟ್ಟದೆ ಹಾಗೆಯೇ ವಾಪಸ್ಸು ಹೋಗುತ್ತಿತ್ತು. ಮಾರ್ಚಿನಲ್ಲಿ ಒಂದು ದಿನ ಅವಳು ಗೋಡೆಯ ಕಡೆ ಮಗ್ಗುಲಾಗಿ ಹೇಳಿದಳು:

"ಇನ್ಮೇಲೆ ಬರಬೇಡ ಕಣೋ. ಹೆಣದ ಮುಂದೆ ಕೂತ ಹಾಗೆ ಕೂರ್ತೀಯ. ನಾನಿನ್ನೂ ಸತ್ತಿಲ್ಲ."

ಅವನು ಹೋಗುವುದನ್ನು ಬಿಟ್ಟ. ಸಿಟ್ಟಿನಿಂದಲ್ಲ. ಅವಳು ಹೇಳಿದ್ದು ನಿಜವೆಂದು ಅವನಿಗೆ ಗೊತ್ತಿತ್ತು.

ಏಪ್ರಿಲ್ ಕೊನೆಗೆ ಶಿಲುಬೆಯ ಹಬ್ಬ. ಮನೆಮನೆಯಲ್ಲೂ ತೋರ್ತಾ, ಅಂದರೆ ಕಣಕದ ತಳದಲ್ಲಿ ಸಿಹಿ ಹೂರಣ ತುಂಬಿ ಬೇಯಿಸುವ ತಿನಿಸು, ಮಾಡಲು ಹೊರಟರು. ಹಾಲಿನಲ್ಲಿ ಬೇಯುವ ಅಕ್ಕಿ, ಕರಗುವ ಚಾಕೊಲೇಟ್, ಜಾಯಿಕಾಯಿ, ಎಲ್ಲದರ ಘಮ ಬೀದಿಗೆ ಬಂತು. ಅವನ ಒಲೆ ಮಾತ್ರ ತಣ್ಣಗಿತ್ತು. ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಪಕ್ಕದ ಮನೆಯ ಮುದುಕಿ ಜೆಲಿಂಡಾಳ ಬಾಗಿಲಿಗೆ ಹೋಗಿ ನಿಂತ.

"ನನಗೆ ತೋರ್ತಾ ಮಾಡೋದು ಹೇಳಿಕೊಡಿ."

ಜೆಲಿಂಡಾ ಅವನ ಕೈ ನೋಡಿದಳು. "ಈ ಕೈಯಲ್ಲಾ? ಸರಿಹೋಯ್ತು. ಬಿಸ್ಕೆರಿ ಚಿವುಟೋಕೆ ಬಿಸ್ಕೆರೊನೇ ಬಂದ."

ತೋರ್ತಾದ ಅಂಚಿನಲ್ಲಿ ಚಿವುಟಿ ನಿಲ್ಲಿಸುವ ಕಣಕದ ಕೊಕ್ಕುಗಳಿಗೆ ಬಿಸ್ಕೆರಿ ಎನ್ನುತ್ತಾರೆ; ಆ ಸೀಮೆಯಲ್ಲಿ ಪೆದ್ದನನ್ನು ಬಿಸ್ಕೆರೊ ಎಂದು ಕರೆಯುವುದೂ ಅದೇ ಮಾತಿನಿಂದ. ಒರಿಯಾನೊ ಕದಲಲಿಲ್ಲ.

"ನಾನೇ ಮಾಡಿಕೊಡ್ತೀನಿ, ತಗೊಂಡು ಹೋಗಪ್ಪ."

"ಬೇಡ. ನಿಮ್ಮ ಕೈಯದು ಅಂತ ಒಂದೇ ತುತ್ತಿಗೆ ಕಂಡುಹಿಡೀತಾಳೆ."

ಮುದುಕಿ ನಕ್ಕು ಒಳಗೆ ಕರೆದಳು. ಹೂರಣ ಹೇಗೋ ಆಯಿತು. ಆರ್ಜೆನೆ ಕಲಸುವಾಗ ಪಕ್ಕದಲ್ಲಿ ನಿಂತು ಪೈನ್ ಬೀಜ ಕದ್ದು ತಿನ್ನುತ್ತಿದ್ದವನಿಗೆ ಆ ರುಚಿ ನಾಲಿಗೆಯ ಮೇಲಿತ್ತು. "ಇನ್ನೂ ಸ್ವಲ್ಪ ಕಿತ್ತಳೆ ಸಿಪ್ಪೆ ತುರೀಬೇಕು," ಎಂದು ಜೆಲಿಂಡಾಳ ಜೊತೆ ವಾದಕ್ಕೂ ಇಳಿದ. ಕಷ್ಟವಾಗಿದ್ದು ಕಣಕ. ಅವನ ಬೆರಳ ಬಿಸಿಗೆ ಬೆಣ್ಣೆ ಕರಗಿ, ನಿಲ್ಲಿಸಿದ ಕೊಕ್ಕುಗಳೆಲ್ಲ ತಲೆ ತೂಗಿ ಬಿದ್ದವು. ಅವನು ಹೊರಗೆ ಹೋಗಿ ಬಾವಿಯ ತಣ್ಣೀರಲ್ಲಿ ಕೈ ಅದ್ದಿಕೊಂಡು ಬಂದು ಮತ್ತೆ ಚಿವುಟಿದ. ಈ ಸಲ ನಿಂತವು, ಡೊಂಕುಡೊಂಕಾಗಿ.

ಭಾನುವಾರ ರೈಲಿನಲ್ಲಿ ತೋರ್ತಾವನ್ನು ತೊಡೆಯ ಮೇಲಿಟ್ಟುಕೊಂಡು, ಕೂಸನ್ನು ಹಿಡಿದ ಹಾಗೆ ಹಿಡಿದು ಕೂತ. ಬರಬೇಡ ಎಂದವಳು ಮುಖ ತಿರುಗಿಸಿದರೆ?

ಆರ್ಜೆನೆ ಮುಖ ತಿರುಗಿಸಲಿಲ್ಲ. ಬಟ್ಟೆಯ ಗಂಟು ಬಿಚ್ಚಿ ಬಹಳ ಹೊತ್ತು ನೋಡಿದಳು.

"ಯಾರು ಮಾಡಿದ್ದು ಇದನ್ನ?"

"ನಾನೇ."

"ಕೋಳಿ ಜಗಳ ಆಡಿ ಎದ್ದ ಹಾಗಿವೆ ಕೊಕ್ಕು." ಅವಳ ತುಟಿ ಅಲುಗಿತು. ನಗು ಬಂದು, ಕೆಮ್ಮು ಬಂದು, ಎರಡೂ ಬೆರೆತು ಕಣ್ಣಲ್ಲಿ ನೀರು ತುಂಬಿತು. ಅವನು ಬೆನ್ನು ಸವರಿದ. ದಿಂಬಿಗೊರಗಿ ಕೂತು ಅವಳು ಒಂದು ಚೂರು ಬಾಯಿಗಿಟ್ಟುಕೊಂಡಳು. "ಅಕ್ಕಿ ಹೆಚ್ಚು ಬೆಂದಿದೆ. ಕಿತ್ತಳೆ ಸರಿಯಾಗಿದೆ." ಆಮೇಲೆ ಬೆರಳಿನಿಂದ ಒಣದ್ರಾಕ್ಷಿಯನ್ನು ಒಂದೊಂದಾಗಿ ಆರಿಸಿ ತಟ್ಟೆಯಂಚಿಗೆ ಸರಿಸತೊಡಗಿದಳು.

"ಯಾಕೆ?"

"ನನಗೆ ಯಾವತ್ತೂ ಸೇರಲ್ಲ. ನಿಮ್ಮಮ್ಮನಿಗೋಸ್ಕರ ಹಾಕ್ತಿದ್ದೆ."

"ಅಮ್ಮ ಹೋಗಿ ಎಷ್ಟು ವರ್ಷ ಆಯ್ತು!"

"ಆಮೇಲೆ ನಿನಗೆ ಇಷ್ಟ ಅಂತ."

ಒರಿಯಾನೊ ಟೋಪಿ ತಿರುಗಿಸುವುದನ್ನು ನಿಲ್ಲಿಸಿದ. "ನನಗೂ ಸೇರಲ್ಲ ಕಣೆ. ನಿನಗೆ ಬೇಜಾರಾಗುತ್ತೆ ಅಂತ ನುಂಗ್ತಿದ್ದೆ."

ಪಕ್ಕದ ಮಂಚದ ಹೆಂಗಸು ಹೊದಿಕೆಯೊಳಗೇ ನಕ್ಕಳು. ಆರ್ಜೆನೆ ಅವನನ್ನೇ ನೋಡುತ್ತಿದ್ದಳು, ಹೊಸಬನನ್ನು ನೋಡುವ ಹಾಗೆ. "ಇನ್ನೇನೇನು ನುಂಗಿದ್ದೀಯ ಹೇಳು," ಎಂದಳು. ಅವನು ಹೇಳತೊಡಗಿದ. ಆಸ್ಪತ್ರೆಯಿಂದ ಮನೆಗೆ ಹೋದಾಗ ಬಾಗಿಲ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದುದು, ಅವಳ ಏಪ್ರನ್ ಇನ್ನೂ ಮೊಳೆಯ ಮೇಲೇ ಇರುವುದು, ಬರಬೇಡ ಎಂದ ಮೇಲೂ ಭಾನುವಾರ ಸ್ಟೇಷನ್ನಿನವರೆಗೆ ಹೋಗಿ ಹಿಂದಿರುಗಿದ್ದು. ಗಂಟೆ ಬಾರಿಸಿ ಬಂದವರನ್ನೆಲ್ಲ ಹೊರಡಿಸುವವರೆಗೂ ಹೇಳಿದ. ಅಷ್ಟರಲ್ಲಿ ಅವಳು ಇನ್ನೊಂದು ಚೂರು ತಿಂದಿದ್ದಳು.

"ಮುಂದಿನ ವಾರ ಬೇಗ ಬಾ," ಎಂದಳು.

ಆರ್ಜೆನೆ ಮನೆಗೆ ಬಂದದ್ದು ಇನ್ನೂ ಒಂದು ಚಳಿಗಾಲ ಕಳೆದ ಮೇಲೆ. ಒಂದು ಶ್ವಾಸಕೋಶ ಕೆಲಸ ನಿಲ್ಲಿಸಿತ್ತು. ಕಣಕ ನಾದಲು ಉಸಿರು ಸಾಲುತ್ತಿರಲಿಲ್ಲ. ಅವಳು ಕುರ್ಚಿಯಲ್ಲಿ ಕೂತು ಹೇಳುವಳು, ಒರಿಯಾನೊ ಮಾಡುವನು. ಅವರ ಮನೆಯ ತೋರ್ತಾದಲ್ಲಿ ಒಣದ್ರಾಕ್ಷಿ ಇಲ್ಲವೆಂದು ಊರೆಲ್ಲ ಆಡಿಕೊಂಡಿತು. ಜೆಲಿಂಡಾ ಅಂತೂ, "ಇದನ್ನ ತೋರ್ತಾ ಅಂತ ಕರೆಯೋಕೆ ನಾಚಿಕೆ ಆಗಲ್ವಾ?" ಎನ್ನುತ್ತಲೇ ಎರಡನೆಯ ತುಂಡಿಗೆ ಕೈ ಚಾಚುತ್ತಿದ್ದಳು. ತೋರ್ತಾ ಮಾಡುವಾಗ ಒಳಗಿಂದ ಗಂಡಹೆಂಡಿರ ಮಾತು ಬೀದಿಗೆ ಕೇಳುತ್ತಿತ್ತು. ಹಾಲು ಹೆಚ್ಚಾಯಿತು, ಇಲ್ಲ, ಸಾಲದು ಎಂದು ಅವರಿಬ್ಬರೂ ಸಮಸಮವಾಗಿ ವಾದಿಸುತ್ತಿದ್ದರು.