ಹಿತ್ತಿಲ ಡಿಶ್ಶಿನ ಒಂದು ವೈರು

ಅವನನ್ನು ಬೀದಿಯಲ್ಲಿ ಎಲ್ಲರೂ ‘ಬಂತಾ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು. ಮೋಟರಿನಿಂದ ತಿರುಗುವ ದೊಡ್ಡ ಜಾಲರಿ ಡಿಶ್ಶುಗಳ ಕಾಲದಲ್ಲಿ ಸುತ್ತಮುತ್ತಲ ಅರ್ಧಕ್ಕರ್ಧ ಮನೆಗಳ ಹಿತ್ತಿಲಲ್ಲಿ ಅವನ್ನು ನಿಲ್ಲಿಸಿದವನು ಅವನೇ. ಹೊರಗೆ ನಿಂತು ಡಿಶ್ಶನ್ನು ಕೂದಲೆಳೆಯಷ್ಟು ಅಲುಗಿಸಿ “ಬಂತಾ?” ಎಂದು ಕೂಗುವುದು ಅವನ ಕೆಲಸ. ಒಳಗೆ ಟೀವಿ ಮುಂದೆ ಕೂತು “ಬಂತು, ಬಂತು, ಅಯ್ಯೋ ಹೋಯ್ತು” ಎಂದು ಕೂಗುವುದು ಜೊತೆಗೆ ಬರುತ್ತಿದ್ದ ಹೆಂಡತಿಯ ಕೆಲಸ. ಅದೇನು ಗಂಟಲೋ, ಈ ಮನೆಯಲ್ಲಿ ಚಿತ್ರ ಬಂದದ್ದು ಮೂರನೇ ಬೀದಿಗೂ ತಿಳಿಯುತ್ತಿತ್ತು. “ನಿಮ್ಮ ಮನೆಯವರು ಇರೋವಾಗ ಡಿಶ್ ಯಾಕೆ ಮೇಸ್ತ್ರಿ, ಅವರನ್ನೇ ಕಂಬದ ಮೇಲೆ ಕೂರಿಸಿದ್ರೆ ಸಾಕಲ್ವಾ” ಎಂದು ಗಿರಾಕಿಗಳು ಚುಡಾಯಿಸುತ್ತಿದ್ದರು. ಮೇಸ್ತ್ರಿಗೆ ಒಳಗೊಳಗೇ ಹೆಮ್ಮೆ. ಮೇಲೆ ಮಾತ್ರ ಮುಖ ಗಂಟು ಹಾಕಿಕೊಂಡಿರುತ್ತಿದ್ದ.

ಕಾಯಿಲೆ ಬಂದದ್ದು ಆ ಗಂಟಲಿಗೇ. ಆಪರೇಷನ್ ಆಯಿತು, ದನಿ ಪೂರ್ತಿ ಹೋಯಿತು. ಎರಡು ವರ್ಷ ಹೇಗೋ ಕಳೆದ ಮೇಲೆ ಕಾಯಿಲೆ ಮರಳಿ ಬಂದು ಆಕೆ ಹಾಸಿಗೆ ಹಿಡಿದಳು. “ಇನ್ನು ಮನೇಲೇ ನೋಡ್ಕೊಳ್ಳಿ” ಎಂದರು ಡಾಕ್ಟರು. ಅದರ ಅರ್ಥ ಗಂಡಹೆಂಡತಿ ಇಬ್ಬರಿಗೂ ಆಯಿತು.

ಆಕೆ ಮಲಗುತ್ತಿದ್ದ ಕೋಣೆ ಹಿತ್ತಿಲ ಕಡೆಗಿತ್ತು. ಮೇಸ್ತ್ರಿ ರಿಪೇರಿ ಮಾಡುವ ತಗಡಿನ ಶೆಡ್ಡು ಹಿತ್ತಿಲ ಆ ತುದಿಗೆ. ಕರೆಯಬೇಕೆಂದರೆ ದನಿಯಿಲ್ಲ. ಮೇಸ್ತ್ರಿ ಬಾರಿಸಲು ಒಂದು ಗಂಟೆ ತಂದುಕೊಟ್ಟ. ಆಕೆ ಅದನ್ನು ಮಂಚದಿಂದ ಕೆಳಕ್ಕೆ ತಳ್ಳಿ, ಸ್ಲೇಟಿನ ಮೇಲೆ ಬರೆದಳು: ‘ನೀವೇನು ನನ್ನ ಆಳಾ?’ ಅದರ ಕೆಳಗೆ ಇನ್ನೊಂದು ಸಾಲು: ‘ನಮ್ಮ ಡಿಶ್ ರಿಪೇರಿ ಮಾಡಿ.’

“ತಲೆ ಕೆಟ್ಟಿದೆಯೇನೇ? ಅದು ನಿಂತು ಹತ್ತು ವರ್ಷ ಆಯ್ತು. ಒಂದು ಚಾನೆಲ್ಲೂ ಬರಲ್ಲ.”

ಆಕೆ ‘ರಿಪೇರಿ’ ಎಂಬ ಪದದ ಕೆಳಗೆ ಗೆರೆ ಎಳೆದಳು, ಅಷ್ಟೇ.

ಗೊಣಗುತ್ತಲೇ ಕೈ ಹಾಕಿದ. ಡಿಶ್ಶನ್ನು ತಳ್ಳುವ ಕಬ್ಬಿಣದ ತೋಳಿನೊಳಗೆ ನೀರು ತುಂಬಿ ಮೋಟರು ತುಕ್ಕು ಹಿಡಿದಿತ್ತು. ನೆಲದಡಿಯ ಕೇಬಲ್ಲನ್ನು ಇಲಿಗಳು ಹಬ್ಬದೂಟದಂತೆ ತಿಂದಿದ್ದವು. ಮೋಟರು ಬಿಚ್ಚಿ ಒರೆಸಿ ಒಣಗಿಸಿ, ಗ್ರೀಸು ಹಚ್ಚಿ, ಹೊಸ ಕೇಬಲ್ ಎಳೆದ. ನಾಲ್ಕು ವೈರು. ಎರಡು ಮೋಟರಿಗೆ, ಎರಡು ಅದರ ಸುತ್ತು ಎಣಿಸುವುದಕ್ಕೆ. ಗುಂಡಿಗಳಿರುವ ಬಾಕ್ಸನ್ನು ಮಂಚದ ಪಕ್ಕ ಸ್ಟೂಲಿನ ಮೇಲಿಟ್ಟ. ಮೊದಲ ಸಲ ಗುಂಡಿ ಒತ್ತಿದಾಗ ಡಿಶ್ ಅಲುಗಲಿಲ್ಲ, ಬಾಕ್ಸಿನಲ್ಲಿ ಅಂಕಿಯ ಜಾಗದಲ್ಲಿ ಮೂರು ಕೆಂಪು ಗೀಟು ಮಿಣುಕಿದವು.

“ನೀನು ಒತ್ತಿದ್ದೀಯ, ಮೋಟರು ತಿರುಗಿಲ್ಲ ಅಂತ ಅದರರ್ಥ. ಮತ್ತೆ ಒತ್ತಿ ಅದು ತಿರುಗೋವರೆಗೂ ಹೀಗೇ ಮಿಣುಕ್ತಿರುತ್ತೆ” ಎಂದು ಹೇಳಿ, ಸಡಿಲವಾಗಿದ್ದ ವೈರನ್ನು ಬಿಗಿ ಮಾಡಿ ಬಂದ. ಎರಡನೇ ಸಲ ಡಿಶ್ ತಿರುಗಿತು, ಆದರೆ ಎಡಕ್ಕೆ ಒತ್ತಿದರೆ ಬಲಕ್ಕೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮೇಸ್ತ್ರಿ ಎರಡು ವೈರು ಅದಲುಬದಲು ಮಾಡಿದ್ದ. ಆಕೆ ಸದ್ದಿಲ್ಲದೆ ಭುಜ ಕುಣಿಸಿ ನಕ್ಕಳು. ಹಾಗೆ ನಕ್ಕು ತಿಂಗಳುಗಳೇ ಆಗಿದ್ದವು.

ಟೀವಿಯಲ್ಲಿ ನಿರೀಕ್ಷಿಸಿದಂತೆ ಬರೀ ಚುಕ್ಕಿ. ಆಕೆ ಅತ್ತ ನೋಡಲೂ ಇಲ್ಲ. ಅವನು ಶೆಡ್ಡಿಗೆ ಹೋಗಿ ಕೂತ ಮೇಲೆ ಒಮ್ಮೆ ಎಡಕ್ಕೆ ಒತ್ತಿದಳು, ಒಮ್ಮೆ ಬಲಕ್ಕೆ. ಹಿತ್ತಿಲಲ್ಲಿ ಡಿಶ್ ಗುರುಗುಟ್ಟುತ್ತ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಯಿತು. ಮೇಸ್ತ್ರಿಗೆ ಆಗ ಅರ್ಥವಾಯಿತು. ಮದುವೆಯಾದಂದಿನಿಂದ ಅಡುಗೆಮನೆಯಿಂದ ಕೇಳಿಬರುತ್ತಿದ್ದ “ರೀ” ಅದು. “ಬಂದೆ ಬಂದೆ” ಎನ್ನುತ್ತ ಎದ್ದುಹೋದ.

ಆಮೇಲೆ ದಿನವೆಲ್ಲ ಅದೇ. ನೀರಿಗೆ ಒಂದು ಸಲ, ಫ್ಯಾನಿಗೆ ಒಂದು ಸಲ, ಪರದೆ ಸರಿಸಲು ಒಂದು ಸಲ. ಕೆಲವು ಸಲ ಹೋಗಿ ನಿಂತರೆ ಆಕೆಗೆ ಏನೂ ಬೇಕಿರುತ್ತಿರಲಿಲ್ಲ. ಸುಮ್ಮನೆ ಮುಖ ನೋಡಿ ‘ಹೋಗಿ’ ಎಂದು ಕೈ ಬೀಸುತ್ತಿದ್ದಳು. ಮೊದಮೊದಲು ಅವನಿಗೂ ಹಿತವಾಗಿತ್ತು. ಮನುಷ್ಯ ತಾನೇ, ಮೂರು ತಿಂಗಳಾಗುವ ಹೊತ್ತಿಗೆ ‘ಬಂದೆ’ ಎನ್ನುವಾಗ ಹಲ್ಲು ಕಚ್ಚುವುದು ಅಭ್ಯಾಸವಾಯಿತು.

ಆ ದಿನ ಬೆಳಿಗ್ಗೆ ಹನ್ನೊಂದು ಸಲ ಎದ್ದಿದ್ದ. ಮೇಜಿನ ಮೇಲೆ ಯಾರದೋ ಟೀವಿಯ ಬೋರ್ಡು, ಕೂದಲಿಗಿಂತ ತೆಳ್ಳಗಿನ ಬೆಸುಗೆ. ಕೈ ನಿಲ್ಲುವಷ್ಟರಲ್ಲಿ ಹಿತ್ತಿಲಲ್ಲಿ ಗುರುಗುಟ್ಟುವಿಕೆ. ಹನ್ನೊಂದನೇ ಸಲ ಹೋದಾಗ ಆಕೆಗೆ ಮತ್ತೆ ಏನೂ ಬೇಕಿರಲಿಲ್ಲ. ವಾಪಸು ಬರುವಾಗ ಮೇಸ್ತ್ರಿ ಡಿಶ್ಶಿನ ಹತ್ತಿರ ನಿಂತ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮೋಟರಿನ ಒಂದು ವೈರನ್ನು ಕಳಚಿಬಿಟ್ಟ. ಅರ್ಧ ಗಂಟೆ, ಅಷ್ಟೇ, ಆಮೇಲೆ ಹಾಕಿದರಾಯಿತು ಎಂದುಕೊಂಡ.

ಕೆಲಸ ಕೈಹತ್ತಿತು. ಬಹಳ ದಿನಗಳ ಮೇಲೆ ಅಂಥ ನಿಶ್ಶಬ್ದ ಸಿಕ್ಕಿತ್ತು. ವೈರಿನ ನೆನಪೇ ಆಗಲಿಲ್ಲ. ಮೂರು ಗಂಟೆಗೆ, ಪಕ್ಕದ ಬೀದಿಯಲ್ಲಿದ್ದ ಮಗಳು ದಿನದಂತೆ ಅಮ್ಮನನ್ನು ನೋಡಲು ಬಂದವಳು, ಹಿತ್ತಿಲ ಬಾಗಿಲಲ್ಲಿ ನಿಂತು “ಅಪ್ಪಾ” ಎಂದಳು. ಆ ದನಿಯಲ್ಲೇ ಎಲ್ಲ ಇತ್ತು.

“ನಿದ್ದೇಲೇ ಹೋಗಿದ್ದಾಳಪ್ಪ” ಎಂದಳು ಮಗಳು, ಅಮ್ಮನ ಕಾಲ ಬಳಿ ಕೂತು ಅಳುತ್ತ. “ಯಾರನ್ನೂ ಕರೀಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ.”

ಮೇಸ್ತ್ರಿ ಸ್ಟೂಲಿನ ಕಡೆ ನೋಡಿದ. ಮೂರು ಕೆಂಪು ಗೀಟು ಮಿಣುಕುತ್ತಿದ್ದವು.

ಎಷ್ಟು ಹೊತ್ತಿಗೆ ಒತ್ತಿದ್ದಳೋ, ಎಷ್ಟು ಸಲ ಒತ್ತಿದ್ದಳೋ, ಅದನ್ನು ಆ ಬಾಕ್ಸು ಹೇಳುವುದಿಲ್ಲ. ಒತ್ತಿದ್ದಳು ಎಂದಷ್ಟೇ ಹೇಳುತ್ತದೆ. ಅದನ್ನು ಓದಲು ಬರುತ್ತಿದ್ದವರು ಆ ಮನೆಯಲ್ಲಿ ಇಬ್ಬರೇ.

“ಅದೇನಪ್ಪ ಮಿಣುಕ್ತಿರೋದು?” ಎಂದು ಮಗಳು ಕಣ್ಣೊರೆಸಿಕೊಂಡು ಕೇಳಿದಳು.

“ಕರೆಂಟು ಹೋಗಿ ಬಂದಿರಬೇಕು” ಎಂದ.

ನಾಲ್ಕು ದಿನ ಬಂದುಹೋಗುವ ಜನ. “ಪುಣ್ಯಾತ್ಗಿತ್ತಿ, ನರಳದೆ ಹೋದಳು” ಎಂದು ಒಬ್ಬರಾದ ಮೇಲೆ ಒಬ್ಬರು ಸಮಾಧಾನ ಹೇಳಿದರು. ಮೇಸ್ತ್ರಿ ತಲೆಯಾಡಿಸುತ್ತ ಕೂತಿದ್ದ. ನಿಜ ಹೇಳಿಬಿಡಬೇಕೆಂದು ಎರಡು ಸಲ ಮಗಳನ್ನು ಪಕ್ಕಕ್ಕೆ ಕರೆದ. ಎರಡು ಸಲವೂ “ಊಟ ಮಾಡಿದೆಯಾ” ಎಂದು ಕೇಳಿ ಕಳಿಸಿದ.

ಐದನೇ ದಿನ ಮಧ್ಯಾಹ್ನ ಮನೆ ಖಾಲಿಯಾಯಿತು. ಮಗಳು ಕೋಣೆ ಗುಡಿಸುತ್ತಿದ್ದಳು. ಮೇಸ್ತ್ರಿ ಹಿತ್ತಿಲಿಗೆ ಹೋಗಿ ಕಳಚಿದ ವೈರನ್ನು ಅದರ ಜಾಗದಲ್ಲಿ ಸಿಕ್ಕಿಸಿ, ಸ್ಕ್ರೂ ತಿರುಗಿಸಿದ. ಮೂರು ಸುತ್ತು. ಆಕಳಿಸುವಷ್ಟು ಹೊತ್ತಿನ ಕೆಲಸ. ಸ್ಕ್ರೂ ಬಿಗಿಯಾದ ಮೇಲೂ ಅವನು ಅದನ್ನು ಒತ್ತಿ ತಿರುಗಿಸುತ್ತಲೇ ಇದ್ದ. ಆಮೇಲೆ ಶೆಡ್ಡಿನ ಕಡೆ ಹೊರಟ.

ಹಿಂದಿನಿಂದ ಗುರುಗುಟ್ಟುವ ಸದ್ದು ಕೇಳಿತು. ಡಿಶ್ ಒಂದಿಷ್ಟು ಬಾಗಿ, ಮತ್ತೆ ನೆಟ್ಟಗಾಯಿತು.

“ಬಂದೆ ಬಂದೆ” ಎನ್ನುತ್ತ ಮೇಸ್ತ್ರಿ ಓಡಿದ. ಚಪ್ಪಲಿ ಒಂದು ದಾರಿಯಲ್ಲೇ ಉಳಿಯಿತು. “ಬಂದೆ ಕಣೇ, ಇಲ್ಲೇ ಇದೀನಿ.”

ಬಾಗಿಲಲ್ಲಿ ನಿಂತು ನೋಡಿದ. ಖಾಲಿ ಮಂಚದ ಪಕ್ಕ ಮಗಳು ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈ ಬಾಕ್ಸಿನ ಮೇಲಿಟ್ಟುಕೊಂಡು ಗಾಬರಿಯಿಂದ ಅವನನ್ನೇ ನೋಡುತ್ತಿದ್ದಳು.

“ಮಿಣುಕೋದು ನಿಲ್ಲಲಿ ಅಂತ ಸುಮ್ಮನೆ ಎರಡೂ ಗುಂಡಿ ಒತ್ತಿದೆನಪ್ಪ. ನಿಂತುಹೋಯ್ತು” ಎಂದಳು.